ವೀಡ್ ಕಟ್ಟರ್ ಸ್ಟಾರ್ಟ್ ಆಗುತ್ತಿಲ್ಲವೇ? ಮೊದಲು ಪ್ಲಗ್ ನೋಡಿ

ಮಳೆ ತುಸು ಬಿಟ್ಟಿತ್ತು. ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ. ಬೇಸಿಗೆಯಿಡೀ ಮೂಲೆಯಲ್ಲಿದ್ದ ಟೂ ಸ್ಟ್ರೋಕ್ ವೀಡ್ ಕಟ್ಟರ್ ತೆಗೆದೆ. ಹಗ್ಗ ಎಳೆದೆಳೆದು ರಟ್ಟೆ ಸೋತದ್ದೇ ಬಂತು, ಎಂಜಿನ್ ಸೊಲ್ಲೆತ್ತಲಿಲ್ಲ. ಪೇಟೆಗೆ ಒಯ್ದರೆ ಒಂದು ದಿನ ಹಾಳು. ನಾನೇ ಬಿಚ್ಚಿದೆ.

ಮೊದಲು ಪ್ಲಗ್ ಕಳಚಿ ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒರೆಸಿ ಒಣಗಿಸಿ, ಚೋಕ್ ಹಾಕದೆ ಎಳೆಯಿರಿ. ಮಸಿ ಕಟ್ಟಿದ್ದರೆ ಉಜ್ಜಿ. ಪೂರಾ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಇನ್ನು ಕಿಡಿ. ಸ್ವಿಚ್ ಆನ್ ಮಾಡಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಆಗ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಜೋಕೆ.

ನನ್ನದರಲ್ಲಿ ಕಿಡಿ ಇತ್ತು, ಪ್ಲಗ್ ಒಣಗಿತ್ತು. ಕಾರಣ ಟ್ಯಾಂಕಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲ್. ಈಗಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತು ಕಟ್ಟುತ್ತದೆ. ಅದನ್ನು ತೊಳೆದು, ಲೀಟರಿಗೆ 40 ಮಿ.ಲೀ. ಎಣ್ಣೆ ಬೆರೆಸಿದ ಹೊಸ ಪೆಟ್ರೋಲ್ ಹಾಕಿದೆ. (ನಿಮ್ಮ ಯಂತ್ರದ ಅಳತೆ ಅದರ ಪುಸ್ತಕದಲ್ಲಿದೆ.) ಮೂರನೇ ಎಳೆತಕ್ಕೆ ಹೊರಟಿತು.

ಈಗ ಹುಲ್ಲಿನ ಕೆಲಸ ಮುಗಿದದ್ದೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಮೂಲೆಗಿಡುತ್ತೇನೆ.