ಮಕ್ಕಳ ಕೈಗೆ ಪುಟ್ಟ ತರಕಾರಿ

ಮಳೆ ಹಿಂದೆ ಸರಿದು ಅಂಗಳ ಒಣಗಿದೊಡನೆ ಅಲಸಂಡೆ, ಹರಿವೆ, ಬೆಂಡೆಗಳ ಸಾಲು ಎಬ್ಬಿಸುವುದು ನಮ್ಮ ಕಾಸರಗೋಡಿನ ಮನೆಗಳ ವಾಡಿಕೆ. ಗದ್ದೆ ಬಿಟ್ಟವರು ಕೂಡ ಇಷ್ಟನ್ನು ಬಿಡುತ್ತಿರಲಿಲ್ಲ. ಈಗ ಹೆಚ್ಚಿನ ಮನೆಗಳಿಗೆ ತರಕಾರಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದು ಬರುತ್ತದೆ. ಬದನೆ ಗಿಡದಲ್ಲಾಗುತ್ತದೋ ಬಳ್ಳಿಯಲ್ಲೋ ಎಂದು ಕೇಳಿದರೆ ಮಕ್ಕಳು ಅಮ್ಮನ ಮುಖ ನೋಡುತ್ತಾರೆ.

ವಿಷದ ವಿಚಾರವನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಎಣ್ಮಕಜೆ ಮೊದಲಾದ ಕಡೆ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಹಾಸಿಗೆ ಬಿಟ್ಟೇಳದ ಮಕ್ಕಳ ಮನೆಗಳಿಗೆ ಹೋಗಿ ಬಂದ ನಾವು, ಕನಿಷ್ಠ ನಮ್ಮ ಮಕ್ಕಳು ತಿನ್ನುವ ಒಂದು ಹಿಡಿ ಸೊಪ್ಪಿನ ಮೇಲೆ ಏನು ಬಿದ್ದಿದೆ ಎಂಬುದನ್ನಾದರೂ ತಿಳಿದಿರಬೇಡವೇ?

ಆದರೆ ಐದಾರು ವರ್ಷದ ಮಗುವಿನ ಕೈಗೆ ಸುವರ್ಣಗೆಡ್ಡೆ ಕೊಟ್ಟು ಎಂಟು ತಿಂಗಳು ಕಾಯಿ ಎಂದರೆ ಆಗುವ ಮಾತಲ್ಲ. ಮಗುವಿನ ತಾಳ್ಮೆಗೆ ತಕ್ಕ ಗಿಡ ಬೇಕು. ಜಾತಿಯಲ್ಲೇ ಚಿಕ್ಕವಾದ ಚೆರಿ ಟೊಮೆಟೊ, ಜೀರಿಗೆ ಮೆಣಸು, ದುಂಡು ಕೆಂಪು ಮೂಲಂಗಿ ಒಂದು ಬಗೆ. ಎಳೆಯದರಲ್ಲೇ ಕೊಯ್ಯುವ ಹರಿವೆ, ಬೆಂಡೆ, ಬೆರಳುದ್ದದ ಮುಳ್ಳುಸೌತೆ ಇನ್ನೊಂದು ಬಗೆ. ಹರಿವೆ 25-30 ದಿನಕ್ಕೆ ಸಾರಿಗೆ ಬರುತ್ತದೆ. ಮೂಲಂಗಿಯೂ ಅಷ್ಟೇ, ಆದರೆ ನಮ್ಮ ಸೆಕೆಗೆ ಡಿಸೆಂಬರ್-ಜನವರಿ ಬಿಟ್ಟರೆ ಅದು ಗೆಡ್ಡೆ ಕಟ್ಟುವುದು ಕಷ್ಟ. ಸೊಪ್ಪನ್ನಾದರೂ ಪಲ್ಯ ಮಾಡಬಹುದು. ಜೀರಿಗೆ ಮೆಣಸನ್ನು ಸಣ್ಣ ಮಕ್ಕಳಿಗೆ ಕೊಡಬೇಡಿ. ಕೊಯ್ದ ಕೈಯನ್ನು ಕಣ್ಣಿಗೆ ಒರೆಸಿಕೊಂಡರೆ ಮನೆಯೆಲ್ಲ ರಂಪ.

ನಮಗೆ ಹೆಚ್ಚು ಮೆಚ್ಚುಗೆ ಬೆಂಡೆ. ಅದರ ಹಳದಿ ಹೂ ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ. ಅರಳಿದ ದಿನವೇ ಮಗು ತೊಟ್ಟಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಲಿ. ನಾಲ್ಕನೆಯ ಅಥವಾ ಐದನೆಯ ದಿನ ಕಿರುಬೆರಳಿನಂಥ ಎಳೆಗಾಯಿ ಕೊಯ್ಯಲಿ. ವಾರ ಬಿಟ್ಟರೆ ನಾರು. ಒಂದು ಕಾಯಿಯನ್ನು ಬೇಕೆಂದೇ ಬಲಿಯಲು ಬಿಟ್ಟು ಇಬ್ಬರೂ ಮುರಿದು ನೋಡಿ. ಎಳೆಯದನ್ನು ಕೊಯ್ದಷ್ಟೂ ಗಿಡ ಮತ್ತೆ ಹೂ ಬಿಡುತ್ತದೆ, ಬಲಿಯಲು ಬಿಟ್ಟರೆ ಹೂ ಇಳಿಯುತ್ತದೆ ಎಂಬುದನ್ನು ಮಗು ತಾನೇ ಲೆಕ್ಕ ಹಾಕಿ ಕಂಡುಕೊಳ್ಳುತ್ತದೆ.

ನಮ್ಮ ಮುರಕಲ್ಲಿನ ಮಣ್ಣು ಹುಳಿ. ಮಣ್ಣು, ಹುಡಿಯಾದ ಹಳೆ ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ ಸಮಪಾಲು ಬೆರೆಸಿ, ಚೀಲಕ್ಕೊಂದು ಹಿಡಿ ಸುಣ್ಣ ಹಾಕಿ, ಎರಡು ವಾರ ತೇವದಲ್ಲಿಟ್ಟ ಮೇಲೆ ಬಿತ್ತಬೇಕು. ಹಸಿರಾಗಿದ್ದ ಟೊಮೆಟೊ ಗಿಡ ಒಂದೇ ದಿನದಲ್ಲಿ ಸೊರಗಿದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ ಮಕ್ಕಳಿಗೆ ತೋರಿಸಿ. ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು ಬೇಡ. ಕೆಂಪು ಹರಿವೆಗೆ ಎಲೆಚುಕ್ಕೆ ಬರುವುದಿದ್ದರೆ ನಡುನಡುವೆ ಹಸಿರು ಹರಿವೆ ಬಿತ್ತಿ, ರೋಗ ಹರಡುವುದು ಕಡಿಮೆಯಾಗುತ್ತದೆ. ನೀರನ್ನು ಎಲೆಗಲ್ಲ, ಬುಡಕ್ಕೆ ಹೊಯ್ಯಿರಿ.

ಹಳೆ ಬಕೆಟು, ಸಿಮೆಂಟು ಚೀಲ, ಮೊಳಕೆಗೆ ತೆಂಗಿನ ಗೆರಟೆ, ಎಲ್ಲವೂ ಆದೀತು. ಅಡಿಯಲ್ಲಿ ತೂತು ಬೇಕು. ಕೀಟನಾಶಕದ ಡಬ್ಬಿ, ಪೈಂಟಿನ ಡಬ್ಬಿ ಎಷ್ಟು ತೊಳೆದರೂ ಬೇಡ. ಹೇನು ಬಿದ್ದರೆ ಲೀಟರು ನೀರಿಗೆ 20 ಮಿಲಿ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು ಕಲಸಿ ಸೋಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬಹುದು. ಈ ಕೆಲಸ ದೊಡ್ಡವರದ್ದು. ಆಮೇಲೆ ಕೆಲವು ದಿನ ಕೊಯ್ಲು ನಿಲ್ಲಿಸಿ.

ಮಣ್ಣಿಗಿಳಿಯುವ ಮಗುವಿಗೆ ಚಪ್ಪಲಿ ಹಾಕಿಸಿ. ಕೊಕ್ಕೆಹುಳ ಬರಿಗಾಲಿನ ಚರ್ಮದಿಂದಲೇ ಒಳಹೊಕ್ಕು ರಕ್ತ ಹೀರುತ್ತದೆ. ಹರಿವೆಯಿಂದ ಕಬ್ಬಿಣದ ಸತ್ವ ಸಿಗಲೆಂದು ಉಣಿಸಿ ಹುಳಕ್ಕೆ ದಾನ ಮಾಡಿದರೆ ಏನು ಬಂತು? ಸೊಪ್ಪಿಗೆ ನಾಲ್ಕು ಹನಿ ಲಿಂಬೆ ಹಿಂಡಿದರೆ ಆ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಹತ್ತುವುದಿಲ್ಲ. ಚಟ್ಟಿಯ ಅಡಿಯ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುತ್ತದೆ. ಮೂರು ದಿನಕ್ಕೊಮ್ಮೆ ಅದನ್ನು ಉಜ್ಜಿ ಬೋರಲು ಹಾಕುವ ಕೆಲಸವನ್ನೂ ಮಗುವಿಗೇ ವಹಿಸಿ.

ತಂದೆತಾಯಿಯರಲ್ಲಿ ಒಂದು ವಿನಂತಿ. ಒಂದು ಮಗುವಿಗೆ ಒಂದೇ ಚಟ್ಟಿ. ಅದು ಪೂರ್ತಿ ಮಗುವಿನದ್ದೇ. ಮರೆತ ದಿನ ನೆನಪಿಸಿ, ಆದರೆ ರಾತ್ರಿ ಗುಟ್ಟಾಗಿ ನೀವು ನೀರು ಹೊಯ್ಯಬೇಡಿ. ಗಿಡ ಸತ್ತರೆ ಸಾಯಲಿ, ಬೀಜ ಇನ್ನೂ ಇದೆ. ಮೊದಲ ಬೆಳೆ ನಾಲ್ಕೇ ಬೆಂಡೆಯಾದರೂ ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಎಲ್ಲರಿಗೂ ಮಗುವಿನ ಕೈಯಿಂದಲೇ ಬಡಿಸಿ. ತರಕಾರಿ ಕಂಡರೆ ತಟ್ಟೆ ದೂಡುವ ಮಕ್ಕಳು ತಾವು ಬೆಳೆಸಿದ್ದನ್ನು ಬೇಡವೆನ್ನುವುದನ್ನು ನಾವು ಕಂಡದ್ದು ಅಪರೂಪ.

ಬಲಿಯಲು ಬಿಟ್ಟ ಆ ಒಂದು ಕಾಯಿಯನ್ನು ಮುರಿದ ಮೇಲೆ ಇನ್ನೊಂದನ್ನು ಗಿಡದಲ್ಲೇ ಒಣಗಿಸಿ. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಿ, ಮೇಲೆ ಮಗುವಿನ ಹೆಸರು ಮತ್ತು ತಾರೀಕು ಬರೆಸಿಡಿ.