ಜೂನ್ ತಿಂಗಳ ದುಡ್ಡು

ಮೇ ಕೊನೆಯ ವಾರ ಮೆಟ್ರಿ, ದೇವಸಮುದ್ರ, ರಾಮಸಾಗರದ ಕಡೆ ಯಾರ ಮನೆಯ ಕಟ್ಟೆಯ ಮೇಲೆ ಕೂತರೂ ಮಾತು ಎರಡೇ. ಭತ್ತದ ಚೀಲ ಎಷ್ಟಕ್ಕೆ ಹೋಯ್ತು? ಪಿಯುಸಿ ಮುಗಿಸಿದ ಹುಡುಗ ಮುಂದೆ ಏನ್ ಓದ್ತಾನೆ? ಎರಡಕ್ಕೂ ಸಂಬಂಧವಿಲ್ಲ ಅನ್ನಿಸಿದರೆ ನೀವು ನಮ್ಮ ಸೀಮೆಯವರಲ್ಲ. ಎರಡನೇ ಪ್ರಶ್ನೆಯ ಉತ್ತರ ಬಹಳಷ್ಟು ಮನೆಗಳಲ್ಲಿ ಮೊದಲನೆಯದರ ಒಳಗೇ ಇರುತ್ತದೆ.

ನನ್ನ ನೌಕರಿಯ ಹೆಚ್ಚಿನ ಕಾಲ ಕಳೆದದ್ದು ಹೊಸಪೇಟೆ, ಸಂಡೂರು, ಕಂಪ್ಲಿಯ ಬ್ಯಾಂಕ್ ಶಾಖೆಗಳಲ್ಲಿ, ಸಾಲದ ಮೇಜಿನ ಹಿಂದೆ. ನಿವೃತ್ತನಾದ ಮೇಲೂ ಬೇಸಿಗೆ ಬಂದರೆ ಊರ ಮಕ್ಕಳು ಮಾರ್ಕ್ಸ್ ಕಾರ್ಡ್ ಹಿಡಿದು, ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬರುತ್ತಾರೆ. ಯಾವ ಕೋರ್ಸ್ ಒಳ್ಳೇದು ಸಾರ್ ಅಂತ ಕೇಳುತ್ತಾರೆ. ಅದನ್ನು ಅವರ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳಬಲ್ಲರು. ದುಡ್ಡು ಯಾವ ತಿಂಗಳು ಬೇಕು, ಯಾವ ತಿಂಗಳು ಬರುತ್ತದೆ, ನಡುವಿನ ಅಂತರವನ್ನು ಯಾವುದರಿಂದ ತುಂಬಬೇಕು ಎನ್ನುವುದಷ್ಟೇ ನನ್ನ ಪಾಲಿನ ಕೆಲಸ.

ನಾನು ಕಂಡಂತೆ, ಈ ಭಾಗದ ಮಕ್ಕಳ ಓದನ್ನು ತೀರ್ಮಾನಿಸುವುದು ಬುದ್ಧಿಯೂ ಅಲ್ಲ, ಮನೆಯ ಒಟ್ಟು ಆಸ್ತಿಯೂ ಅಲ್ಲ. ಸೀಟು ಸಿಕ್ಕ ಆ ಒಂದು ವಾರದಲ್ಲಿ ಅಪ್ಪನ ಕೈಯಲ್ಲಿ ಎಷ್ಟಿತ್ತು ಅನ್ನುವುದು. ಎಂಟು ಎಕರೆ ನೀರಾವರಿ ಇದ್ದವನ ಮಗ ಬೇಡದ ಡಿಗ್ರಿಗೆ ಸೇರಿದ್ದನ್ನು ಕಂಡಿದ್ದೇನೆ, ಯಾಕೆಂದರೆ ಆ ವಾರ ಮಿಲ್ಲಿನವನು ದುಡ್ಡು ಕೊಟ್ಟಿರಲಿಲ್ಲ. ಕೂಲಿ ಮಾಡುವವನ ಮಗಳು ಎಂಜಿನಿಯರಿಂಗ್ ಮುಗಿಸಿದ್ದನ್ನೂ ಕಂಡಿದ್ದೇನೆ, ಯಾಕೆಂದರೆ ಅವಳ ಕಾಗದಗಳೆಲ್ಲ ಜನವರಿಯಲ್ಲೇ ತಯಾರಿದ್ದವು.

ಈಗ ಆ ವಾರದ ದುಡ್ಡು ಇನ್ನೂ ನಂಬುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ವರ್ಷದ ಬೆಳೆ ಉಳಿಸಿದರು. ಆಮೇಲೆ 33 ಗೇಟುಗಳನ್ನೂ ಬದಲಿಸುವುದೆಂದು ತೀರ್ಮಾನವಾಗಿ, 2025-26ರ ಎರಡನೇ ಬೆಳೆಗೆ ನೀರು ಇಲ್ಲವೆಂದಾಯಿತು. ಗೇಟು ಬದಲಿಸಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಕಾಲುವೆ ನಂಬಿದ ಮನೆಗೆ ಕಾಲೇಜು ಫೀಸು ಬರುತ್ತಿದ್ದದ್ದೇ ಆ ಎರಡನೇ ಬೆಳೆಯಿಂದ. ಮಳೆ ನಂಬಿದವರಿಗೆ ಜೂನ್ ತಿಂಗಳಲ್ಲಿ ಯಾವತ್ತೂ ದುಡ್ಡಿರಲಿಲ್ಲ. ಅವರದು ಬೀಜ, ಗೊಬ್ಬರಕ್ಕೇ ಸಾಲ ಹುಡುಕುವ ತಿಂಗಳು.

ಕೈಯಲ್ಲಿ ದುಡ್ಡು ಹೆಚ್ಚಿದ್ದರೂ ಆ ವಾರ ದಾರಿ ತಪ್ಪಿಸುತ್ತದೆ. ಗಣಿಯ ಕಾಲ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸಪೇಟೆ-ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಹಗಲು ರಾತ್ರಿ ಕಡಿಯುತ್ತಿರಲಿಲ್ಲ, ರಸ್ತೆ ಬದಿಯ ಬೇವಿನ ಮರದ ಎಲೆ ಕೂಡ ಕೆಂಪಗಿರುತ್ತಿತ್ತು. ನನ್ನ ಸೋದರಮಾವನ ಮಗ ಪಿಯುಸಿ ಸೈನ್ಸ್ ಚೆನ್ನಾಗಿಯೇ ಪಾಸು ಮಾಡಿದ್ದ. ಕಾಲೇಜಿಗೆ ಕಟ್ಟುವ ದುಡ್ಡನ್ನೇ ಟಿಪ್ಪರಿನ ಡೌನ್ ಪೇಮೆಂಟಿಗೆ ಹಾಕಿದರು. ಆಗ ಮನೆಯವರ ಲೆಕ್ಕ ಹುಚ್ಚು ಲೆಕ್ಕವೇನೂ ಆಗಿರಲಿಲ್ಲ. ನಾಲ್ಕು ವರ್ಷ ಓದಿದವನಿಗೆ ಸಿಗುವ ಸಂಬಳಕ್ಕಿಂತ ಟಿಪ್ಪರು ಮೊದಲ ತಿಂಗಳೇ ಹೆಚ್ಚು ತರುತ್ತಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿಗಳು ಮತ್ತೆ ತೆರೆಯಲು ದಾರಿಯಾದದ್ದು 2013ರಲ್ಲಿ, ಅದೂ ಎಲ್ಲವೂ ಅಲ್ಲ. ಕಂತು ಮಾತ್ರ ಒಂದು ತಿಂಗಳೂ ನಿಲ್ಲಲಿಲ್ಲ. ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದಾಗ ಅವನಿಗೆ ಮತ್ತೆ ಕಾಲೇಜು ಮೆಟ್ಟಿಲು ಹತ್ತುವ ವಯಸ್ಸೂ ಮೀರಿತ್ತು, ಮನಸ್ಸೂ ಇರಲಿಲ್ಲ. ಹಂಪಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ನಂಬಿ ಓದು ಬಿಟ್ಟ ಹುಡುಗರ ಕಥೆಯೂ ಇದೇ. 2020ರ ಮಾರ್ಚ್‌ನಲ್ಲಿ ಅವನ್ನು ಕೆಡವಿದರು, ಅದೇ ತಿಂಗಳು ಲಾಕ್‌ಡೌನೂ ಬಂತು.

ಈಗ ಲೆಕ್ಕಕ್ಕೆ ಬರೋಣ. ಮನೆಗೆ ಬಂದ ಮಕ್ಕಳಿಗೆ ನಾನು ಮೊದಲು ಒಂದು ಹಾಳೆ ಕೊಟ್ಟು ತಿಂಗಳುಗಳ ಹೆಸರು ಬರೆಸುತ್ತೇನೆ. ಎಡಕ್ಕೆ ಕಟ್ಟಬೇಕಾದ್ದು, ಬಲಕ್ಕೆ ಬರುವುದು. ಬರೆಯುವುದು ಅಪ್ಪನಲ್ಲ, ಮಗಳು ಇಲ್ಲವೇ ಮಗ. ಹೆಚ್ಚಿನವರು ಎಡಕ್ಕೆ ಒಂದೇ ಸಂಖ್ಯೆ ಬರೆದು ಪೆನ್ನು ಇಟ್ಟುಬಿಡುತ್ತಾರೆ, ಕಾಲೇಜು ಫೀಸು. ಸಿಇಟಿ ಮೂಲಕ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟು ಸಿಕ್ಕರೂ ವರ್ಷಕ್ಕೆ ಲಕ್ಷ ದಾಟುತ್ತದೆ. ಲೆಕ್ಕ ಸುಲಭವಾಗಲಿ ಎಂದು ಒಂದೇ ಲಕ್ಷ ಇಟ್ಟುಕೊಳ್ಳಿ, ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ. ಕಾಲೇಜು ಬೆಂಗಳೂರಿನಲ್ಲಾದರೆ ಪಿಜಿ, ಊಟ ತಿಂಗಳಿಗೆ 8,000; ವರ್ಷಕ್ಕೆ ಹತ್ತು ತಿಂಗಳೆಂದರೂ ನಾಲ್ಕು ವರ್ಷಕ್ಕೆ 3,20,000. ಅಲ್ಲಿಗೆ ಸೀಟಿನ ಬೆಲೆ ಏಳು ಲಕ್ಷ ದಾಟಿತು. ಅದೇ ಬ್ರಾಂಚು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಸಿಕ್ಕರೆ ಬಸ್ಸಿನಲ್ಲಿ ಓಡಾಡಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಆ ಬಸ್ಸೂ ಪುಕ್ಕಟೆ. ಬೆಂಗಳೂರು ಬೇಡ ಅನ್ನುತ್ತಿಲ್ಲ. ಆ ಮೂರು ಲಕ್ಷಕ್ಕೆ ಏನು ಸಿಗುತ್ತದೆ ಎಂದು ಹುಡುಗ ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಬಲಗಡೆಯ ಸಾಲಿನಲ್ಲಿ ಎಲ್ಲರೂ ಮೊದಲು ಬರೆಯುವುದು ಸ್ಕಾಲರ್‌ಶಿಪ್ಪು, ಅದೂ ಜುಲೈ ತಿಂಗಳ ಎದುರಿಗೆ. ಅಲ್ಲಿ ನಾನು ಪೆನ್ನು ತೆಗೆದುಕೊಳ್ಳುತ್ತೇನೆ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ. ದುಡ್ಡು ಬರುವುದು ಅದಕ್ಕೂ ಆಮೇಲೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯನ್ನೇ ನೋಡಿ. ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500. ನರ್ಸಿಂಗ್, ಕಾನೂನಿಗೆ 7,500 ಮತ್ತು 8,000. ಬಿಇ, ಎಂಬಿಬಿಎಸ್‌ಗೆ 10,000 ಮತ್ತು 11,000. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ಸಹಾಯಧನ. ಇವೆಲ್ಲ ಎರಡನೇ ಸೆಮಿಸ್ಟರಿನ ಪುಸ್ತಕ, ಪರೀಕ್ಷಾ ಶುಲ್ಕಕ್ಕೆ ಆಸರೆ. ಸೀಟು ಕಟ್ಟಲು ಇವನ್ನು ನಂಬುವಂತಿಲ್ಲ.

ಅದೂ ಎಲ್ಲರಿಗೂ ಬರುವುದಿಲ್ಲ. ಹೋದ ವರ್ಷ ಬಂದ ಒಬ್ಬ ರೈತ, ನಮ್ಮ ಹುಡುಗನಿಗೆ ಮಾತ್ರ ರೈತ ವಿದ್ಯಾನಿಧಿ ಬಂದಿಲ್ಲ ಎಂದು ಸಿಟ್ಟಾಗಿದ್ದ. ಚೀಲದಿಂದ ಪಹಣಿ ತೆಗೆಸಿ ನೋಡಿದೆ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ ಆಗಿಲ್ಲ, ಹಾಗಾಗಿ ಅಪ್ಪನಿಗೆ ಫ್ರೂಟ್ಸ್ ಐಡಿ ಇಲ್ಲ. ಐಡಿ ಇಲ್ಲದವನು ಸರ್ಕಾರದ ಕಂಪ್ಯೂಟರಿನಲ್ಲಿ ರೈತನೇ ಅಲ್ಲ. ಮೂವರು ಅಣ್ಣತಮ್ಮಂದಿರು ಒಂದು ದಿನ ಕೂತು ಸಹಿ ಹಾಕಿದ್ದರೆ ಆಗುತ್ತಿದ್ದ ಕೆಲಸ. ಇನ್ನು ಕೆಲವರಿಗೆ ದುಡ್ಡು ಬಂದಿರುತ್ತದೆ, ಗೊತ್ತಿರುವುದಿಲ್ಲ. ಆಧಾರ್ ಜೋಡಣೆಯಾಗಿರುವುದು ಎಂದೋ ತೆರೆದು ಮರೆತ ಇನ್ಯಾವುದೋ ಖಾತೆಗೆ, ದುಡ್ಡು ಅಲ್ಲಿ ಬಿದ್ದಿರುತ್ತದೆ.

ಹಾಗಾದರೆ ಜೂನ್, ಜುಲೈಗೆ ದುಡ್ಡು ಎಲ್ಲಿಂದ? ನಮ್ಮಲ್ಲಿ ಕಾಲು ತಾನಾಗಿ ಹೋಗುವುದು ದಲಾಲಿ ಅಂಗಡಿಗೆ. ಅಲ್ಲಿ ಎರಡು ರೂಪಾಯಿ ಬಡ್ಡಿ ಎಂದರೆ ಬಹಳ ಮಂದಿಗೆ ಬ್ಯಾಂಕಿನ ಹತ್ತು ಪರ್ಸೆಂಟಿಗಿಂತ ಕಡಿಮೆ ಎಂದೇ ಕೇಳಿಸುತ್ತದೆ. ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. ಭತ್ತ ಹಾಕಿದ ಮೇಲೆ ಕೊಡುವ ಪಟ್ಟಿ ನೋಡಿ: ಮೇಲೆ ಚೀಲ, ತೂಕ, ದರ, ಕೆಳಗೆ ಹಮಾಲಿ, ಅದರ ಕೆಳಗೆ ಮುಂಗಡ, ಅದರ ಬಡ್ಡಿ. ಕೊನೆಗೆ ಉಳಿಯುವ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಸುತ್ತು ಹಾಕಿರುತ್ತಾರೆ. ಮುಂದಿನ ವರ್ಷದ ಫೀಸು ಆ ಸುತ್ತಿನೊಳಗಿಂದ ಬರಬೇಕು.

ಶಿಕ್ಷಣ ಸಾಲದ ಮಾತೆತ್ತಿದರೆ ರೈತರು ಮೊದಲು ಕೇಳುವುದು, ‘ಪಹಣಿ ಇಡಬೇಕಲ್ಲ ಸಾರ್?’ ಬೆಳೆಸಾಲದ ಅಭ್ಯಾಸ. ನಾಲ್ಕು ಲಕ್ಷದವರೆಗೆ ಹೊಲವೂ ಬೇಡ, ಜಾಮೀನುದಾರನೂ ಬೇಡ, ನಮ್ಮ ಕೈಯಿಂದ ಮಾರ್ಜಿನ್ನೂ ಬೇಡ. ಅಪ್ಪ ಇಲ್ಲವೇ ಅಮ್ಮ ಜೊತೆಗೆ ಸಹಿ ಹಾಕಿದರೆ ಸಾಕು. ಆಸ್ತಿ ಅಡವಿನ ಪ್ರಶ್ನೆ ಏಳುವುದು ಏಳೂವರೆ ಲಕ್ಷ ದಾಟಿದ ಮೇಲೆ. ಹಾಸ್ಟೆಲ್ಲು, ಪುಸ್ತಕ, ಲ್ಯಾಪ್‌ಟಾಪಿಗೂ ಸಾಲ ಸಿಗುತ್ತದೆ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಅರ್ಜಿ ಸಂಖ್ಯೆ ಇಟ್ಟುಕೊಂಡು ಶಾಖೆಗೆ ಹೋಗಿ. ಬರಿಗೈಲಿ ಹೋದವನಿಗೆ ‘ನಾಳೆ ಬಾ’ ಅನ್ನುವುದು ಸುಲಭ, ಸಂಖ್ಯೆ ಹಿಡಿದವನಿಗೆ ಹಾಗೆ ಹೇಳುವುದು ಕಷ್ಟ. ಮೇಜಿನ ಆ ಕಡೆ ಕೂತವನಾಗಿ ಹೇಳುತ್ತಿದ್ದೇನೆ.

ಹತ್ತು ಪರ್ಸೆಂಟ್ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ಲಕ್ಷ ತೆಗೆದರೆ, ಓದುವ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ ಕಂತಿಲ್ಲ. ಸರಳ ಬಡ್ಡಿ 1,40,000 ಬೆಳೆದು ಸಾಲ 5,40,000 ಆಗುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 7,140. ಅದೇ ಬಡ್ಡಿಯನ್ನು ಮನೆಯವರು ಆಗಾಗ್ಗೆ ಕಟ್ಟುತ್ತ ಬಂದರೆ ಕಂತು 5,290ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ವರ್ಷ ಕಟ್ಟಬೇಕಾದ ಬಡ್ಡಿ ತಿಂಗಳಿಗೆ 833 ರೂಪಾಯಿ. ಎರಡು ಹಾಲಿನ ಎಮ್ಮೆ ಇದ್ದ ಮನೆಗೆ ಅದು ಭಾರವಲ್ಲ. ಇದೇ ನಾಲ್ಕು ಲಕ್ಷವನ್ನು ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ ಆ ಐದು ವರ್ಷಕ್ಕೆ ಬಡ್ಡಿಯೇ 3,36,000. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದು, ಮಾನ್ಯತೆ ಇರುವ ಕಾಲೇಜಿನಲ್ಲಿ ವೃತ್ತಿಪರ ಕೋರ್ಸ್ ಸಿಕ್ಕಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಕೇಳದಿದ್ದರೆ ಅದನ್ನು ಯಾರೂ ಹೇಳುವುದಿಲ್ಲ. ಸಾಲ ಮಂಜೂರಾಗುವ ತನಕದ ಎರಡು ಮೂರು ವಾರಕ್ಕೆ ಮನೆಯ ಬಂಗಾರವನ್ನು ಬ್ಯಾಂಕಿನಲ್ಲಿಟ್ಟು ಸೀಟು ಕಟ್ಟಿ. ‘ಮಗಳ ಮದುವೆಗೆ ಇಟ್ಟದ್ದು’ ಎಂದು ಹಿಂಜರಿಯುವ ತಾಯಂದಿರಿಗೆ ನಾನು ಹೇಳುವುದು, ಅದು ಅವಳದೇ ಬಂಗಾರ ಅಲ್ಲವೇ.

ಎಲ್ಲರೂ ಎಂಜಿನಿಯರಿಂಗ್ ಓದಬೇಕಿಲ್ಲ. ಸಿಇಟಿ ರ‍್ಯಾಂಕ್ ಲಕ್ಷ ದಾಟಿದ ಸೈನ್ಸ್ ಹುಡುಗನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಅದನ್ನು ಮುಗಿಸಿ ತೋರಣಗಲ್ಲು, ದೋಣಿಮಲೈ ಕಡೆ ಕೆಲಸ ಹುಡುಕಬಹುದು, ಬೇಕಾದರೆ ಬಿಇ ಎರಡನೇ ವರ್ಷಕ್ಕೆ ಸೇರಲೂಬಹುದು. ಆದರೆ ಫ್ಯಾಕ್ಟರಿ ಕೆಲಸವೆಂದು ಯಾರಾದರೂ ಹೇಳಿದರೆ ಕಂಪನಿ ರೋಲೋ, ಕಾಂಟ್ರಾಕ್ಟರ್ ರೋಲೋ ಎಂದು ಕೇಳಿಕೊಳ್ಳಿ. ಗೇಟು ಒಂದೇ ಆದರೂ ಸಂಬಳ ಒಂದೇ ಅಲ್ಲ. ಸರ್ಕಾರಿ ಕಾಲೇಜಿನ ಬಿಎ, ಬಿಕಾಂ ಅಗ್ಗ ಎನ್ನುವವರು ಡಿಗ್ರಿ ಆದಮೇಲೆ ಧಾರವಾಡದಲ್ಲಿ ರೂಮು ಮಾಡಿ ಪಿಎಸ್‌ಐ, ಕೆಎಎಸ್ ಕೋಚಿಂಗಿಗೆ ಕಳೆಯುವ ವರ್ಷಗಳನ್ನೂ ಎಡಗಡೆಯ ಸಾಲಿಗೆ ಸೇರಿಸಬೇಕು. ಅವು ಸೇರಿದರೆ ಅಗ್ಗದ ಡಿಗ್ರಿ ಅಗ್ಗವಾಗಿ ಉಳಿಯುವುದಿಲ್ಲ.

ಮೇ ತಿಂಗಳಲ್ಲಿ ಫೋನು ಮಾಡುವ ಏಜೆಂಟರದು ಇನ್ನೊಂದು ಕಾಟ. ಒಬ್ಬ ಹುಡುಗಿಗೆ ನರ್ಸಿಂಗ್ ಸೀಟು ‘ಬುಕ್’ ಮಾಡಲು ಹತ್ತು ಸಾವಿರ ಮುಂಗಡ, ಜೊತೆಗೆ ಮೂಲ ಅಂಕಪಟ್ಟಿ ಕೇಳಿದ್ದರು. ದುಡ್ಡು ಹೋದರೆ ಮತ್ತೆ ದುಡಿಯಬಹುದು, ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿದ್ದರೆ ಸಿಇಟಿ ಕೌನ್ಸೆಲಿಂಗಿಗೂ ಹೋಗುವಂತಿಲ್ಲ. ವಿದ್ಯಾರ್ಥಿಗಳ ಮೂಲ ದಾಖಲೆ ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಬಿಎಸ್ಸಿ ನರ್ಸಿಂಗ್ ಸೀಟುಗಳೂ ಈಗ ಕೆಇಎ ಮೂಲಕ ಹಂಚಿಕೆಯಾಗುತ್ತವೆ. ಆ ಹುಡುಗಿ ಏಜೆಂಟನ ಫೋನು ಎತ್ತುವುದನ್ನು ಬಿಟ್ಟು ಆಪ್ಷನ್ ಎಂಟ್ರಿಗೆ ಕೂತಳು. ಹಾಳೆಯ ಎಡಕ್ಕೆ ತಿಂಗಳ ಬಸ್ ಖರ್ಚಿನ ಎದುರು ಸೊನ್ನೆ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

ಇನ್ನು ಈ ವರ್ಷ ಎರಡನೇ ಪಿಯುಸಿಯಲ್ಲಿರುವವರಿಗೆ. 371-ಜೆ ಪ್ರಮಾಣಪತ್ರ ಇದ್ದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗಿರುವ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳ ಬಾಗಿಲು ತೆರೆಯುತ್ತದೆ. ಸರ್ಕಾರಿ ಕೋಟಾದಲ್ಲಿ ಒಳ್ಳೆಯ ಸೀಟು ಸಿಗುವುದೆಂದರೆ ಲಕ್ಷಗಟ್ಟಲೆ ಉಳಿತಾಯ. ಆ ಪ್ರಮಾಣಪತ್ರ ಸಿಗುವುದು ಉಪವಿಭಾಗಾಧಿಕಾರಿ ಕಚೇರಿಯಿಂದ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರು ನಾಡಕಚೇರಿಯಿಂದ. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮಕ್ಕೆ ಬೇರೆ ಮೀಸಲಾತಿ. ಇವಕ್ಕೆ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ, ಮೇಷ್ಟ್ರು ಅವರ ಊರಲ್ಲಿ. ದೀಪಾವಳಿ ಮುಗಿದ ವಾರವೇ ಹೋಗಿ ಸಹಿ ಹಾಕಿಸಿಕೊಂಡು ಬನ್ನಿ.