ಬಭ್ರುವಾಹನನ ಒತ್ತಕ್ಷರ

ಊರಿನ ವಾರ್ಷಿಕ ಯಕ್ಷಗಾನದ ಕರಪತ್ರವನ್ನು ಅಣಿಗೊಳಿಸುವ ಹೊಣೆಯು, ಶಾಲೆಯಿಂದ ನಿವೃತ್ತನಾದಂದಿನಿಂದ ನನ್ನ ಪಾಲಿಗೆ ಬಂದುದಾಗಿದೆ. ಕಳೆದ ವರ್ಷ ‘ಬಭ್ರುವಾಹನ ಕಾಳಗ’ವೆಂದು ನಿಶ್ಚಯವಾದಾಗ, ಇಂಕ್‌ಸ್ಕೇಪೆಂಬ ಚಿತ್ರರಚನೆಯ ತಂತ್ರಾಂಶದ ಮುಂದೆ ಮೂರು ಸಂಜೆ ಕುಳಿತು ರೇಖೆಗೆ ರೇಖೆ ಕೂಡಿಸುವುದಕ್ಕಿಂತ, ಬೇಕಾದುದನ್ನು ನಾಲ್ಕು ವಾಕ್ಯಗಳಲ್ಲಿ ವರ್ಣಿಸಿ ಕೃತಕ ಬುದ್ಧಿಮತ್ತೆಯಿಂದಲೇ ಚಿತ್ರವನ್ನು ಬರೆಯಿಸಿಬಿಡೋಣವೆಂಬ ಆಸೆ ನನ್ನಲ್ಲಿ ಅಂಕುರಿಸಿತು.

ಅರೆನಿಮಿಷದೊಳಗೆ ಚಿತ್ರವು ಬಂದಿತು. ಕಡಲಂಚಿನ ಸಂಧ್ಯಾಕಾಶಕ್ಕೂ ದೀಪಗಳ ಹೊಂಬೆಳಕಿಗೂ ನಾನು ಮಾರುಹೋದೆನು. ಆದರೆ ಕನ್ನಡಕವನ್ನೇರಿಸಿ ಸಾವಧಾನದಿಂದ ನೋಡಲಾಗಿ, ಬಡಗುತಿಟ್ಟಿನ ಎಳೆಯ ವೀರನಿಗೆ ಶೋಭಿಸತಕ್ಕ ಕೇದಗೆ ಮುಂದಲೆಯಿರಬೇಕಾದಲ್ಲಿ ಕಥಕಳಿಯ ವೃತ್ತಾಕಾರದ ಕಿರೀಟವು ಕುಳಿತಿತ್ತು. ಬಭ್ರುವಾಹನನೆಂಬ ಹೆಸರಿನ ಅವಸ್ಥೆಯೋ ಇನ್ನೂ ಶೋಚನೀಯ: ಭಕಾರದ ಸೀಳು ಮಾಯವಾಗಿ, ರಕಾರದ ಒತ್ತು ಬಳ್ಳಿಯ ಕುಡಿಯಂತೆ ಎತ್ತಲೋ ಹಬ್ಬಿ, ನೋಟಕ್ಕೆ ಕನ್ನಡವೆನಿಸಿದರೂ ಯಾವ ಕನ್ನಡಿಗನೂ ಓದಲಾರದ ಲಿಪಿಯೊಂದು ಅಲ್ಲಿ ಅವತರಿಸಿತ್ತು.

ಇದಕ್ಕೆ ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು. ಇಂಕ್‌ಸ್ಕೇಪಿನಲ್ಲಿ ‘ಭ್ರು’ ಎಂಬುದು ಭಕಾರ, ವಿರಾಮ, ರಕಾರ, ಉಕಾರಗಳೆಂಬ ನಾಲ್ಕು ಯೂನಿಕೋಡ್ ಸಂಕೇತಗಳು. ಅವನ್ನು ಒಂದೇ ಅಕ್ಷರವಾಗಿ ಹೆಣೆಯುವ ನಿಯಮವು ಫಾಂಟಿನಲ್ಲಿಯೇ ಅಡಗಿದೆ. ನಾನು ಬಳಸಿದಂತಹ ಚಿತ್ರಯಂತ್ರವಾದರೋ ಅರ್ಥವಿಲ್ಲದ ಚುಕ್ಕೆಗಳ ಮಂಜಿನಿಂದ ಆರಂಭಿಸಿ, ತಾನು ಕಂಡ ಅಸಂಖ್ಯ ಚಿತ್ರಗಳ ಹೋಲಿಕೆಯತ್ತ ಮೆಲ್ಲಮೆಲ್ಲನೆ ಸಾಗುವುದು. ಅದಕ್ಕೆ ಅಕ್ಷರವೂ ಒಂದು ಆಕೃತಿ, ಮೋಡವೂ ಒಂದು ಆಕೃತಿ.

ಆದರೂ ಮೋಹವು ಬಿಡದೆ, ಕಿರೀಟವನ್ನೂ ಅಕ್ಷರವನ್ನೂ ಹೇಗೋ ತೇಪೆ ಹಚ್ಚಿ ಪ್ರೆಸ್ಸಿಗೊಯ್ದೆನು. ಅಲ್ಲಿಯ ಡಿಟಿಪಿಯ ಹುಡುಗನು ಅದನ್ನು ತೆರೆದು ನೋಡಿ, “ಮಾಷ್ಟ್ರೆ, ಎಲ್ಲ ಒಂದೇ ಹಾಳೆಗೆ ಅಂಟಿಕೊಂಡಿದೆ. ಇದರಲ್ಲಿ ನಾನು ತಿದ್ದುವುದು ಯಾವುದನ್ನು?” ಎಂದನು. ಅಗಲ 1024 ಪಿಕ್ಸೆಲ್. ಅಂಗುಲಕ್ಕೆ 300ರಂತೆ ಅಚ್ಚಿಗೆ ಹಾಕಿದರೆ 3.4 ಅಂಗುಲಕ್ಕೇ ಮುಗಿಯುವುದು, ಕರಪತ್ರದ ಅಗಲವಾದರೋ 5.8 ಅಂಗುಲ. ಇದು ಸಾಲದೆಂಬಂತೆ, ಆಟದ ಆರಂಭವು 7 ಗಂಟೆಯ ಬದಲು 6.30ಕ್ಕೆಂದು ಅದೇ ಸಂಜೆ ಮೇಳದವರಿಂದ ಫೋನು ಬಂದಿತು. ವೇಳೆಯೊಂದನ್ನೇ ಬದಲಿಸೆಂದು ಯಂತ್ರವನ್ನು ಬೇಡಿಕೊಂಡರೆ, ವೇಳೆಯೊಡನೆ ವೀರನ ಮೀಸೆಯೂ ಬದಲಾಗಿ, ಎರಡಿದ್ದ ದೀಪಗಳು ಮೂರಾದವು.

ಆಗ ಸೋತು ಇಂಕ್‌ಸ್ಕೇಪಿಗೇ ಮರಳಿದೆನು. 2003ರಲ್ಲಿ ಮೊದಲು ಹೊರಬಂದ ಈ ಮುಕ್ತ ತಂತ್ರಾಂಶದಲ್ಲಿ ರೇಖೆಗಳು ಗಣಿತದ ಲೆಕ್ಕದಿಂದ ಉಳಿಯುವುದರಿಂದ, ಹೆಸರನ್ನು ಕರಪತ್ರಕ್ಕೆ ಚಿಕ್ಕದಾಗಿ ಕುಗ್ಗಿಸಿದರೂ ರಥಬೀದಿಯ ಫ್ಲೆಕ್ಸಿಗೆ ಹತ್ತಡಿಯಾಗಿ ಹಿಗ್ಗಿಸಿದರೂ ಅಂಚು ಮಸುಕಾಗದು. ವೇಷಕ್ಕೆ, ಕಲಾವಿದರ ಅನುಮತಿ ಪಡೆದು, ಅವರದೇ ಛಾಯಾಚಿತ್ರವನ್ನು ತಂದೆನು. ಯಂತ್ರದ ಚಿತ್ರದಲ್ಲಿ ಉಳಿಸಿಕೊಂಡುದು ಆಕಾಶವೊಂದನ್ನೇ. ಅದನ್ನು ಹಿಗ್ಗಿಸಿ ಹಿನ್ನೆಲೆಗೆ ಹಾಸಿದೆನು. ಮೋಡವು ತುಸು ಮಸುಕಾದರೆ ಯಾರೂ ಆಕ್ಷೇಪಿಸರಷ್ಟೆ!

ಅಂದಿನಿಂದ, ಯಾವ ಸಾಧನವು ಮೇಲೆಂದು ನಾನು ಕೇಳಿಕೊಳ್ಳುವುದಿಲ್ಲ. ಇದರಲ್ಲಿ ತಪ್ಪಾದರೆ ಯಾರಾದರೂ ನನ್ನನ್ನು ತಡೆದು ಕೇಳುವರೇ, ನಾಳೆ ಇದನ್ನು ತಿದ್ದಬೇಕಾದೀತೇ ಎಂದು ಕೇಳಿಕೊಳ್ಳುತ್ತೇನೆ. ಕೇಳುವವರಿದ್ದಲ್ಲಿ ಕೆಲಸವು ನನ್ನ ಕೈಯದು, ಇಲ್ಲದಲ್ಲಿ ಯಂತ್ರದ್ದು.

ಕರಪತ್ರವನ್ನು ಕೈಗಿತ್ತಾಗ ನಮ್ಮ ವೃದ್ಧ ಭಾಗವತರು ಆಕಾಶದತ್ತ ನೋಡಲೇ ಇಲ್ಲ. ಮುಂದಲೆಯನ್ನು ದಿಟ್ಟಿಸಿದರು, ಹೆಸರನ್ನು ಬಾಯ್ದೆರೆದು ಓದಿದರು, ಬಳಿಕ 6.30 ಎಂಬುದನ್ನು ಪಂಚಾಂಗದ ಅಂಚಿನಲ್ಲಿ ಬರೆದುಕೊಂಡರು.